ಇವಾ ಸ್ಮಿತ್ ಸಾವಿಗೆ ಯಾರು ಹೊಣೆ? ಮನೇಲಿ ಜಗಳ ಆಗಿದೆ, ಸ್ವಲ್ಪ ಬಿಡಿಸಿ

ಕಾಫಿಪುಡಿ_ಕಳ್ಸಿ:

ಎಲ್ರಿಗೂ ನಮಸ್ಕಾರ. ನಾವಿರೋದು ಇಂಗ್ಲೆಂಡಲ್ಲಿ, ಮಗಳು ಇಯರ್ ಟೆನ್, ಜಿಸಿಎಸ್‌ಇ (ಇಲ್ಲಿನ ಎಸ್ಸೆಸ್ಸೆಲ್ಸಿ ಥರದ ಪರೀಕ್ಷೆ) ಇಂಗ್ಲಿಷ್‌ಗೆ ಅವಳಿಗೆ ಜೆ.ಬಿ. ಪ್ರೀಸ್ಟ್ಲಿ ಬರೆದ 'ಆ್ಯನ್ ಇನ್‌ಸ್ಪೆಕ್ಟರ್ ಕಾಲ್ಸ್' ನಾಟಕ ಇದೆ. ಕಳೆದ ವಾರ ಪ್ರಬಂಧ ಕೊಟ್ಟಿದ್ರು, ಇವಾ ಸ್ಮಿತ್ ಸಾವಿಗೆ ಯಾರು ಎಷ್ಟು ಜವಾಬ್ದಾರಿ ಅಂತ. ಸಹಾಯ ಮಾಡೋಣ ಅಂತ ನಾನೂ ಓದಕ್ಕೆ ಕೂತೆ, ಅಲ್ಲೇ ಎಡವಟ್ಟಾಯ್ತು.

ಓದದೇ ಇರೋರಿಗೆ ಕತೆ ಚುಟುಕಾಗಿ ಹೇಳ್ತೀನಿ. 1912ರ ಒಂದು ಸಂಜೆ, ಬ್ರಮ್ಲಿ ಅನ್ನೋ ಕಾಲ್ಪನಿಕ ಊರು, ಬರ್ಲಿಂಗ್ ಅನ್ನೋ ಫ್ಯಾಕ್ಟರಿ ಮಾಲೀಕನ ಮನೇಲಿ ಮಗಳು ಶೀಲಾ ನಿಶ್ಚಿತಾರ್ಥದ ಊಟ. ಗೂಲ್ ಅನ್ನೋ ಇನ್‌ಸ್ಪೆಕ್ಟರ್ ಬಂದು, ಒಬ್ಳು ಹುಡುಗಿ ವಿಷ ಕುಡಿದು ಸತ್ತಿದಾಳೆ, ವಿಚಾರಣೆಗೆ ಬಂದಿದೀನಿ ಅಂತಾನೆ. ಆಮೇಲೆ ಒಬ್ಬೊಬ್ರದ್ದೂ ಹೊರಗೆ ಬರುತ್ತೆ. ಸಂಬಳ ವಾರಕ್ಕೆ 22 ಶಿಲಿಂಗ್ 6 ಪೆನ್ಸ್ ಸಾಲ್ದು, 25 ಮಾಡಿ ಅಂತ ಸ್ಟ್ರೈಕ್ ಮಾಡಿದ್ರಲ್ಲಿ ಅವಳು ಮುಂದೆ ನಿಂತಿದ್ಲು, ಬರ್ಲಿಂಗ್ ಕೆಲಸದಿಂದ ತೆಗೆದ. ಮುಂದೆ ಒಂದು ಬಟ್ಟೆ ಅಂಗಡಿ ಸೇರ್ಕೊಂಡ್ಲು, ಅಲ್ಲಿ ಶೀಲಾ ಟ್ರೈ ಮಾಡಿದ ಡ್ರೆಸ್ ಶೀಲಾಗೇ ಒಪ್ಪಲಿಲ್ಲ, ಈ ಹುಡುಗಿ ನಕ್ಕಳು ಅಂತ ಕಂಪ್ಲೇಂಟ್ ಮಾಡಿ ಅಲ್ಲಿಂದಾನೂ ಓಡಿಸಿದ್ಲು. ಶೀಲಾನ ಮದ್ವೆ ಆಗೋ ಹುಡುಗ ಜೆರಾಲ್ಡ್ ಅವಳನ್ನ ಆರು ತಿಂಗಳು ಇಟ್ಕೊಂಡು ಬಿಟ್ಟ. ಮಗ ಎರಿಕ್ ಕುಡಿದು ಬಲವಂತ ಮಾಡಿ ಬಸುರಿ ಮಾಡ್ದ, ಅಪ್ಪನ ಆಫೀಸಿಂದ ದುಡ್ಡು ಕದ್ದು ತಂದ್ಕೊಟ್ಟ. ಕಡೆಗೆ ಹೆಂಗಸರ ಚಾರಿಟಿ ಕಮಿಟಿಗೆ ಹೋದ್ರೆ ಅಲ್ಲಿ ಕೂತಿದ್ದ ಮಿಸೆಸ್ ಬರ್ಲಿಂಗೇ ಸಹಾಯ ಕೊಡಬೇಡಿ ಅಂದ್ಲು.

ನಾನು ಮಗಳಿಗೆ ಕೇಳಿದ್ದು ಇಷ್ಟೇ. ಎರಿಕ್ ಮಾಡಿದ್ದು ತಪ್ಪು, ಒಪ್ಕೋತೀನಿ. ಆದ್ರೆ ಬರ್ಲಿಂಗ್ ಏನು ಮಾಡ್ದ? ಸಂಬಳ ಏರಿಸಿದ್ರೆ ಲೇಬರ್ ಖರ್ಚು 12% ಜಾಸ್ತಿ ಆಗುತ್ತೆ ಅಂತ ಲೆಕ್ಕ ಹಾಕ್ದ, ಯಾವ ಮಾಲೀಕ ಹಾಕಲ್ಲ ಹೇಳಿ. 1910ರ ಸೆಪ್ಟೆಂಬರಲ್ಲಿ ಕೆಲಸದಿಂದ ತೆಗೆದಿದ್ದಕ್ಕೆ ಒಂದೂವರೆ ವರ್ಷ ಆದ್ಮೇಲೆ ಆಗಿದ್ದೆಲ್ಲಾ ಅವನ ತಲೆಗೆ ಕಟ್ಟೋದು ನ್ಯಾಯಾನಾ? ಹಂಗೆ ನೋಡಿದ್ರೆ ನಾವು ದಿನಾ ಎಷ್ಟು ಜನಕ್ಕೆ 'ಇಲ್ಲ' ಅಂತೀವಿ. ಇನ್ನೊಂದು, ಕೊನೇಲಿ ಜೆರಾಲ್ಡೇ ಹೇಳ್ತಾನೆ, ಇದೆಲ್ಲಾ ಒಬ್ಳೇ ಹುಡುಗಿ ಅನ್ನೋಕೆ ಪುರಾವೆ ಏನು, ನಾಲ್ಕೈದು ಬೇರೆ ಬೇರೆ ಹುಡುಗೀರು ಇರಬಹುದು ಅಂತ. ಹಂಗಿದ್ರೆ ಕೇಸೇ ಬಿದ್ದೋಯ್ತಲ್ಲ?

ಮಗಳು ತಟ್ಟೆ ಮುಂದೆ ಕೂತಿದ್ಲು, ಚಪಾತಿ ಅರ್ಧಕ್ಕೆ ಬಿಟ್ಟು 'ಅಪ್ಪಾ, ಯು ಆರ್ ಲಿಟರಲಿ ಬರ್ಲಿಂಗ್' ಅಂತ ಹೇಳಿ ರೂಮಿಗೆ ಹೋಗಿ ಬಾಗಿಲು ಹಾಕ್ಕೊಂಡ್ಲು. ಮೂರು ದಿನ ಆಯ್ತು, ಬೇಕು ಬೇಡ ಅಷ್ಟೇ ಮಾತು. ನಾಟಕ ಗೊತ್ತಿರೋರು ಯಾರಾದ್ರೂ ಇದ್ರೆ ಹೇಳಿ, ನಾನು ಹೇಳಿದ್ರಲ್ಲಿ ತಪ್ಪೇನಿದೆ.

ಗುಂಡ_ಪಾಂಡ:

ನಾಟಕಕ್ಕೆಲ್ಲಾ ಇಷ್ಟು ತಲೆ ಕೆಡಿಸ್ಕೋಬೇಡ ಗುರು, ಮಗಳಿಗೆ ಒಂದು ಐಸ್‌ಕ್ರೀಮ್ ಕೊಡ್ಸು ಸರಿ ಹೋಗ್ತಾಳೆ

ಪರದೆ_ಹಿಂದಿನವ:

ಸರ್, ಈ ನಾಟಕ ನಾವು ಹವ್ಯಾಸಿ ತಂಡದಲ್ಲಿ ಆಡಿದ್ವಿ, ಜೆರಾಲ್ಡ್ ಪಾತ್ರ ನಂದೇ. ಆದ್ರಿಂದ ಆ ಮಹಾನುಭಾವನ ಪರವಾಗಿ ಎರಡು ತಿಂಗಳು ವಾದ ಮಾಡಿದ ಅನುಭವ ಇದೆ ನನಗೆ, ಹಹ.

ನೀವು ಹೇಳಿದ ಕೊನೇ ಪಾಯಿಂಟಿಂದಾನೇ ಶುರು ಮಾಡ್ತೀನಿ, ನಾಟಕ ನಿಂತಿರೋದೇ ಅದರ ಮೇಲೆ. ಇನ್‌ಸ್ಪೆಕ್ಟರ್ ಕೈಲಿ ಆ ಹುಡುಗೀದು ಅಂತ ಒಂದು ಫೋಟೋ ಇರುತ್ತೆ ನೋಡಿ, ಅದನ್ನ ಯಾವಾಗ್ಲೂ ಒಬ್ರಿಗೆ ಮಾತ್ರ ತೋರಿಸ್ತಾನೆ, ಪಕ್ಕದವರು ಇಣುಕಿದ್ರೆ ಅಡ್ಡ ನಿಲ್ತಾನೆ. ಬರ್ಲಿಂಗ್ ನೋಡ್ತಾನೆ, ಶೀಲಾ ನೋಡ್ತಾಳೆ, ಅವ್ರಮ್ಮ ನೋಡ್ತಾಳೆ. ಜೆರಾಲ್ಡಿಗೆ ತೋರಿಸೋದೇ ಇಲ್ಲ, ಇವಾ ಆಮೇಲೆ ಇಟ್ಕೊಂಡಿದ್ದ 'ಡೈಸಿ ರೆಂಟನ್' ಅನ್ನೋ ಹೆಸರು ಕೇಳಿದ ಕೂಡ್ಲೇ ಅವನ ಮುಖ ಬಿಳಚ್ಕೊಳ್ಳುತ್ತೆ. ರಿಹರ್ಸಲ್ ಟೈಮಲ್ಲಿ ನಾನು ನಿರ್ದೇಶಕರಿಗೆ ಕೇಳಿದೆ, ಫೋಟೋದಲ್ಲಿ ಯಾರಿದಾರೆ ಸರ್, ಯಾರದ್ದಾದ್ರೂ ಅಂಟಿಸಿದೀರಾ ಅಂತ. ಅವರು 'ನಿಂಗೆ ತೋರ್ಸಲ್ವಲ್ಲ, ನಿಂಗ್ಯಾಕೆ' ಅಂದ್ರು. ಶೋ ಎಲ್ಲಾ ಮುಗಿದ್ಮೇಲೆ ಪ್ರಾಪರ್ಟಿ ಪೆಟ್ಟಿಗೆಯಿಂದ ತೆಗೆದು ನೋಡಿದ್ರೆ ಮದ್ವೆ ಕಾರ್ಡಿನ ಹಿಂಬದಿ, ಖಾಲಿ ರಟ್ಟು. ಶೀಲಾ ಮಾಡಿದ ಹುಡುಗಿ ಆ ಖಾಲಿ ರಟ್ಟು ನೋಡಿ ಪ್ರತಿ ಶೋನಲ್ಲೂ ಅಳ್ತಿದ್ಲು.

ಈಗ ನಿಮ್ಮ ಪ್ರಶ್ನೆ, ಐದು ಜನ ಬೇರೆ ಬೇರೆ ಹುಡುಗೀರಾದ್ರೆ ಕೇಸ್ ಬಿದ್ದೋಗುತ್ತಲ್ವಾ ಅಂತ. ನೋಡಿ, ಆ ಗೂಲ್ ಅಸಲಿ ಇನ್‌ಸ್ಪೆಕ್ಟರೇ ಅಲ್ಲ ಅಂತ ಗೊತ್ತಾಗುತ್ತೆ, ಆಮೇಲೆ ಜೆರಾಲ್ಡ್ ಆಸ್ಪತ್ರೆಗೆ ಫೋನ್ ಮಾಡಿ, ಹಂಗ್ಯಾರೂ ಸತ್ತಿಲ್ಲ ಅಂತ ಗೊತ್ತಾದ ತಕ್ಷಣ ಬರ್ಲಿಂಗ್ ಗ್ಲಾಸ್ ತುಂಬಿಸ್ಕೊಂಡು ಇನ್‌ಸ್ಪೆಕ್ಟರ್ ಥರ ಮಿಮಿಕ್ರಿ ಮಾಡಿ ನಗ್ತಾನೆ. ಶೀಲಾ ವಾಪಸ್ ಕೊಟ್ಟಿದ್ದ ನಿಶ್ಚಿತಾರ್ಥದ ಉಂಗುರ ಮತ್ತೆ ಹಾಕ್ಕೋ ಅಂತಾನೆ ಜೆರಾಲ್ಡ್. ಏನು ಬದಲಾಯ್ತು ಅಷ್ಟರಲ್ಲಿ? ಕೆಲಸದಿಂದ ತೆಗೆದಿದ್ದು ತೆಗೆದಿದ್ದೇ, ಎರಿಕ್ ಬಲವಂತ ಮಾಡಿದ್ದು ಮಾಡಿದ್ದೇ. ಐದು ಹುಡುಗೀರು ಅಂದ್ರೆ ಲೆಕ್ಕ ಇನ್ನೂ ಜಾಸ್ತಿ ಆಯ್ತು ಸ್ವಾಮಿ, ಕಮ್ಮಿ ಹೆಂಗಾಯ್ತು! ಒಬ್ಳಿಗೆ ಐದು ಜನ ಮಾಡಿದ್ರೆ ಸಾವು, ಐದು ಜನಕ್ಕೆ ಒಬ್ಬೊಬ್ರು ಮಾಡಿದ್ರೆ ಅದು ಲೋಕರೂಢಿ ಅನ್ನೋ ಥರ.

ಆ ಸೀನಲ್ಲಿ ನಾನು ಫೋನ್ ಕೆಳಗಿಟ್ಟಾಗ ಪ್ರೇಕ್ಷಕರು ಉಸಿರು ಬಿಡೋದು ಸ್ಟೇಜ್ ಮೇಲೆ ಕೇಳಿಸ್ತಿತ್ತು. ಅವರಿಗೂ ನೆಮ್ಮದಿ. ಆಮೇಲೆ ಫೋನ್ ಮತ್ತೆ ರಿಂಗ್ ಆಗುತ್ತಲ್ಲ, ಒಬ್ಳು ಹುಡುಗಿ ಈಗಷ್ಟೇ ಆಸ್ಪತ್ರೆ ದಾರೀಲಿ ಸತ್ತಳು, ಇನ್‌ಸ್ಪೆಕ್ಟರ್ ನಿಮ್ಮನೆಗೆ ಬರ್ತಿದಾರೆ ಅಂತ, ಆವಾಗ ಹಾಲ್ ಪೂರ್ತಿ ಸೈಲೆಂಟ್. ಪ್ರೀಸ್ಟ್ಲಿ ಇದನ್ನ ಬರೆದಿದ್ದು ಎರಡನೇ ಮಹಾಯುದ್ಧ ಮುಗಿಯೋ ಹೊತ್ತಲ್ಲಿ, ಕತೆ ಇಟ್ಟಿದ್ದು 1912ರಲ್ಲಿ. ಬರ್ಲಿಂಗ್ ಬಾಯಲ್ಲಿ ಟೈಟಾನಿಕ್ ಮುಳುಗಲ್ಲ, ಯುದ್ಧ ಆಗಲ್ಲ ಅಂತ ಮೊದಲ ಹತ್ತು ನಿಮಿಷದಲ್ಲೇ ಹೇಳಿಸಿಬಿಡ್ತಾನೆ, ಕೇಳೋರಿಗೆ ಎರಡು ಯುದ್ಧದ ಅನುಭವ ಆಗಿತ್ತು. ಆ ಮನುಷ್ಯನ ಲೆಕ್ಕಾಚಾರ ಎಷ್ಟರ ಮಟ್ಟಿಗೆ ನಂಬಬಹುದು ಅಂತ ಅಲ್ಲೇ ಗೊತ್ತಾಗುತ್ತೆ, ಆ 12% ಲೆಕ್ಕಾನೂ ಸೇರಿಸಿ.

ಕರಿಕೋಟು:

ನಾನು ವಕೀಲ, ನಾಟಕ ಗೀಟಕ ಗೊತ್ತಿಲ್ಲ, ಆದ್ರೆ ಪ್ರಶ್ನೆ ನಂದೇ ಏರಿಯಾದು ಅನ್ನಿಸ್ತು ಅದಕ್ಕೆ ನಿನ್ನೆ ರಾತ್ರಿ ಕೂತು ಓದಿದೆ.

ಕಾಫಿಪುಡಿ ಸರ್ ವಾದ ಕೋರ್ಟಲ್ಲಿ ಗೆಲ್ಲುತ್ತೆ. ನಮ್ಮಲ್ಲಿ ಆತ್ಮಹತ್ಯೆಗೆ ಪ್ರಚೋದನೆ ಅಂದ್ರೆ ಹಿಂದೆ ಐಪಿಸಿ 306, 2024ರ ಜುಲೈಯಿಂದ ಬಿಎನ್‌ಎಸ್ 108. ಅದ್ರಡೀಲಿ ಶಿಕ್ಷೆ ಆಗಬೇಕಾದ್ರೆ ಪ್ರಚೋದನೆ ನೇರ ಇರಬೇಕು, ಘಟನೆಗೆ ಹತ್ತಿರ ಇರಬೇಕು, ಉದ್ದೇಶ ಇರಬೇಕು. ಬರ್ಲಿಂಗ್ ವಿರುದ್ಧ ಹಾಕಿದ್ರೆ ಚಾರ್ಜ್ ಫ್ರೇಮ್ ಆಗೋ ಹಂತಕ್ಕೂ ಬರಲ್ಲ, ಡಿಸ್ಚಾರ್ಜ್ ಅರ್ಜೀಲೇ ಹೊರಗೆ ಬರ್ತಾನೆ. ಶೀಲಾ ಗಿರಾಕಿ, ಅಂಗಡಿಯವರಿಗೆ ದೂರು ಕೊಟ್ಲು, ಅಷ್ಟೇ. ಮಿಸೆಸ್ ಬರ್ಲಿಂಗ್ ಕಮಿಟಿ ಮೆಂಬರ್, ಅರ್ಜಿ ತಿರಸ್ಕರಿಸೋ ಅಧಿಕಾರ ಇತ್ತು, ತಿರಸ್ಕರಿಸಿದ್ಲು. ಸಿಕ್ಕಿ ಬೀಳೋದು ಎರಿಕ್ ಒಬ್ನೇ. ಇನ್ನೊಂದು ಗೊತ್ತಾ, ಇಂಗ್ಲೆಂಡಲ್ಲಿ 1961ರ ತನಕ ಆತ್ಮಹತ್ಯೆಯೇ ಅಪರಾಧ. ಅಂದ್ರೆ ಎರಿಕ್‌ನ ಬಿಟ್ರೆ ಆ ಕತೇಲಿ ಅವತ್ತಿನ ಕಾನೂನು ಅಪರಾಧಿ ಅಂತ ಕರೆಯೋದು ಸತ್ತವಳನ್ನೇ! ಬರ್ಲಿಂಗ್ ಬೇರೆ ಮ್ಯಾಜಿಸ್ಟ್ರೇಟು, ಬೆಂಚಲ್ಲಿ ಕೂರೋನು.

ಆದ್ರೆ ನಿಮ್ಮ ಮಗಳಿಗೆ ಕೊಟ್ಟಿರೋ ಪ್ರಶ್ನೇಲೇ ಒಂದು ತೊಡಕಿದೆ, 'ಯಾರು ಎಷ್ಟು' ಅನ್ನೋದು. ಎಲ್ರೂ ಇಲ್ಲಿ ಹೋಳಿಗೆ ಹಂಚಿದ ಹಂಗೆ ಹಂಚೋಕೆ ನೋಡ್ತೀವಿ, ಐದು ಜನ ಇದ್ರೆ ತಲಾ 20%, ಇನ್ನೊಬ್ಬ ಸಿಕ್ಕಿದ್ರೆ ನನ್ನ ಪಾಲು ಇನ್ನೂ ಕಮ್ಮಿ. ನಮ್ಮೂರ ಸೊಸೈಟೀಲಿ ಒಬ್ಬ ಸಾಲ ತಗೊಂಡ, ಮೂರು ಜನ ಜಾಮೀನು ಹಾಕಿದ್ರು, ಅದ್ರಲ್ಲಿ ನಮ್ಮಪ್ಪಾನೂ ಒಬ್ರು. ಸಾಲಗಾರ ಊರು ಬಿಟ್ಟ. ನಮ್ಮಪ್ಪ ಸೊಸೈಟಿಗೆ ಹೋಗಿ 'ನನ್ನ ಮೂರನೇ ಒಂದು ಭಾಗ ಕಟ್ತೀನಿ, ರಸೀದಿ ಕೊಡಿ' ಅಂದ್ರೆ ಸೆಕ್ರೆಟರಿ ನಕ್ಬಿಟ್ಟ. ಜಾಮೀನುದಾರ ಪ್ರತಿಯೊಬ್ನೂ ಪೂರ್ತಿ ಸಾಲಕ್ಕೆ ಹೊಣೆ, ಸೊಸೈಟಿ ಯಾರನ್ನ ಬೇಕಾದ್ರೂ ಪೂರ್ತಿ ಹಿಡೀಬಹುದು, ಉಳಿದವರ ಹತ್ರ ವಸೂಲಿ ಮಾಡ್ಕೊಳೋದು ಅವನ ಪಾಡು. ನಾಟಕದ ಇನ್‌ಸ್ಪೆಕ್ಟರ್ ಮಾಡೋದೂ ಅದೇ ಲೆಕ್ಕ. ಪ್ರತಿಯೊಬ್ರ ಮುಂದೂ ಪೂರ್ತಿ ಬಿಲ್ ಇಡ್ತಾನೆ, ಅದಕ್ಕೇ ಅವರಿಗೆ ಅಷ್ಟು ಸಿಟ್ಟು.

ಕಾಫಿಪುಡಿ_ಕಳ್ಸಿ:

ಕರಿಕೋಟು ಸರ್, ಜಾಮೀನು ಹಾಕೋನು ಗೊತ್ತಿದ್ದೂ ಸಹಿ ಹಾಕಿರ್ತಾನೆ. ಬರ್ಲಿಂಗ್ ಎಲ್ಲಿ ಸಹಿ ಹಾಕಿದ್ದ? ಆ ಹುಡುಗಿ ಸ್ವಲ್ಪ ಗಟ್ಟಿ ಇದ್ದಿದ್ರೆ ಬೇರೆ ಊರಿಗೆ ಹೋಗಿ ಬದುಕ್ಕೋಬಹುದಿತ್ತಲ್ಲ ಅಂತ ನನಗನ್ಸುತ್ತೆ. ಪಾಪ ಅನ್ನೋದು ಇದ್ದೇ ಇದೆ ಬಿಡಿ.

ಗಿರ್ಮಿಟ್_ಮಿರ್ಚಿ:

ಕಾಫಿಪುಡಿಯವರ, ಸಿಟ್ಟ ಮಾಡ್ಕೋಬ್ಯಾಡ್ರಿ, ನಾ ಕಾಲೇಜಿನ್ಯಾಗ ನಾಟಕ ಕಲಸಾಕಿ, ಸ್ವಲ್ಪ ಬಾಯಿ ಜಾಸ್ತಿ. ಆಕಿ ಗಟ್ಟಿ ಇರಲಿಲ್ಲ ಅಂತ ನಿಮಗ ಯಾರು ಹೇಳಿದ್ರು? ಮಾಲೀಕನ ಮುಂದ ನಿಂತು ಎರಡೂವರೆ ಶಿಲಿಂಗ್ ಹೆಚ್ಚಿಗಿ ಕೇಳಿದಾಕಿ ಆಕಿ. ಎರಿಕ್ ಕೊಟ್ಟ ರೊಕ್ಕ ಕದ್ದಿದ್ದು ಅಂತ ಗೊತ್ತಾದ ಕೂಡ್ಲೇ ಒಲ್ಲೆ ಅಂದ್ಲು, ಹೊಟ್ಟ್ಯಾಗ ಕೂಸು, ಕೈಯಾಗ ಬಿಡಿಗಾಸಿಲ್ಲ, ಅಂಥಾದ್ರಾಗ! ಮದಿವಿ ಆಗ್ತೀನಿ ಅಂದ್ರೂ, ನಿನಗ ನನ್ನ ಮ್ಯಾಲ ಪ್ರೀತಿ ಇಲ್ಲ, ಬ್ಯಾಡ ಅಂದಾಕಿ. ಇಡೀ ನಾಟಕದಾಗ ನೆಟ್ಟಗ ನಡಕೊಂಡಾಕಿ ಆಕಿ ಒಬ್ಬಾಕಿನ. ಚಾರಿಟಿಗೆ ಹೋದಾಗ ಮಿಸೆಸ್ ಬರ್ಲಿಂಗ್ ಅಂತ ಹೆಸರು ಹೇಳಿದ್ದು ಒಂದು ಸುಳ್ಳು, ಆ ಒಂದ ಸುಳ್ಳಿಗೆ ಆ ಅಮ್ಮ ಬಾಗಲಾ ಮುಚ್ಚಿದ್ಲು. ಹೊಟ್ಟ್ಯಾಗಿದ್ದ ಕೂಸು ಬರ್ಲಿಂಗರ ಮನೀದ ಇತ್ತು, ಅಂದ್ರ ಹೆಸರೂ ಪೂರ್ತಿ ಸುಳ್ಳಲ್ಲ ನೋಡ್ರಿ.

ಬ್ಯಾರೆ ಊರಿಗೆ ಹೋಗಬೇಕಿತ್ತು ಅಂತೀರಿ, ಯಾವ ಊರಿಗ್ರಿ? 1912ರ ಇಂಗ್ಲೆಂಡಿನ್ಯಾಗ ಹೆಣ್ಮಕ್ಕಳಿಗೆ ವೋಟಿಲ್ಲ, ಅಪ್ಪ ಅವ್ವ ಇಲ್ಲದ ಹುಡುಗಿಗೆ ಚಾರಿಟಿ ಒಂದ ಗತಿ, ಆ ಚಾರಿಟಿ ಕುರ್ಚಿ ಮ್ಯಾಲ ಕೂತಾಕಿ ಯಾರ ಮನ್ಯಾಕಿ ಅಂತ ನೋಡಿದ್ರಲ್ಲ.

ಇನ್ನ ನಮ್ಮ ಮಾತ ನೋಡ್ರಿ. 'ಹುಡುಗಿ ಕೆಟ್ಲು', 'ಹಾಳಾದ್ಲು', 'ದಾರಿ ತಪ್ಪಿದ್ಲು', 'ಜಾರಿ ಬಿದ್ಲು'. ಎಲ್ಲಾ ಕ್ರಿಯಾಪದಕ್ಕೂ ಕರ್ತೃ ಆಕಿನ. ಕೆಡಿಸಿದಾವ, ತಳ್ಳಿದಾವ ವಾಕ್ಯದಾಗ ಬರೂದೇ ಇಲ್ಲ. ನಾ ಕ್ಲಾಸಿನ್ಯಾಗ ಇದನ್ನ ಬೋರ್ಡ್ ಮ್ಯಾಲ ಬರದು ಕರ್ತೃ ಹುಡುಕ್ರಿ ಅಂತ ಹುಡುಗರಿಗೆ ಕೇಳತೇನಿ, ಹಿಂದಿನ ಬೆಂಚಿನ ಹುಡುಗ್ರು ನಗತಾರ, ಮುಂದಿನ ಬೆಂಚಿನ ಹುಡುಗ್ಯಾರು ನಗೂದಿಲ್ಲ.

ಪ್ರೀಸ್ಟ್ಲಿ ಮ್ಯಾಲೂ ನಂದೊಂದು ತಕರಾರ ಐತಿ. ಇವಾ ರಂಗದ ಮ್ಯಾಲ ಬರೂದೇ ಇಲ್ಲ, ಆಕಿಗೆ ಒಂದು ಮಾತೂ ಇಲ್ಲ. ಆಕಿ ಚೆಂದಿದ್ಲು, ಆಕಿ ಅತ್ಲು, ಎಲ್ಲಾ ಬ್ಯಾರೆಯವರ ಬಾಯಿಲೆ ಕೇಳಬೇಕು, ಅದೂ ಆಕಿನ್ನ ಕೆಡಿಸಿದವರ ಬಾಯಿಲೆ. ಡೈರಿ ಇತ್ತು ಅಂತಾನ ಇನ್‌ಸ್ಪೆಕ್ಟರ್, ಒಂದ ಪುಟಾನಾದ್ರೂ ಓದಿದ್ನ್ಯಾ? ಮರಾಠಿ ನಾಟಕಕಾರ ವಿಜಯ ತೆಂಡೂಲ್ಕರರ 'ಶಾಂತತಾ! ಕೋರ್ಟ್ ಚಾಲೂ ಆಹೆ' ನಾಟಕ 1967ರದು, ಅಲ್ಲಿ ಇದರ ಉಲ್ಟಾ. ಲೀಲಾ ಬೇಣಾರೆ ನಮ್ಮ ಕಣ್ಣ ಮುಂದ ಅದಾಳ, ಆಟದ ಕೋರ್ಟ್ ಅಂತ ಶುರು ಮಾಡಿ ಜೊತಿಗೆ ಬಂದ ನಟರ ಆಕಿನ್ನ ಕಟಕಟ್ಯಾಗ ನಿಲ್ಲಸ್ತಾರ. ಬಸುರ ಮಾಡಿದ ಪ್ರೊಫೆಸರ್ ದಾಮ್ಲೆ ಬಂದೇ ಇಲ್ಲ. ಇಲ್ಲಿ ಹುಡುಗಿ ಗೈರು, ಅಲ್ಲಿ ಗಂಡಸು ಗೈರು. ಬೇಣಾರೆ ಕಡೀಕ ಉದ್ದಕ್ಕ ಮಾತಾಡ್ತಾಳ, ಆದ್ರ ಆಗ ಸುತ್ತಲಿನ ಮಂದಿ ಎಲ್ಲಾ ಕಲ್ಲಿನ ಹಂಗ ನಿಂತಿರ್ತಾರ, ಒಬ್ಬರ ಕಿವಿಗೂ ಬೀಳೂದಿಲ್ಲ. ಆಟ ಮುಗದ ಮ್ಯಾಲ 'ಮನಸಿಗೆ ಹಚ್ಕೋಬ್ಯಾಡ, ಬರೇ ಆಟ' ಅಂತಾರ. ಬರ್ಲಿಂಗ್‌ನೂ ಅದನ್ನ ಹೇಳೂದು, ಯಾರೋ ನಮಗ ಆಟ ಆಡಿಸಿದ್ರು ಅಂತ.

ಪರದೆ_ಹಿಂದಿನವ:

ಮೇಡಂ, ಇವಾ ಸ್ಟೇಜಿಗೆ ಬಂದಿದ್ರೆ ನಾವು ಒಬ್ಳು ಹೀರೋಯಿನ್‌ನ ನೋಡಿ ಅತ್ತು ಮನೆಗೆ ಹೋಗ್ತಿದ್ವಿ. ಬರದೇ ಇರೋದ್ರಿಂದ ಆ ಐದು ಮುಖಾನೇ ನೋಡ್ತಾ ಕೂರಬೇಕು. ಆದ್ರೆ ಡೈರಿ ಪಾಯಿಂಟ್ ಮಾತ್ರ ಒಪ್ಕೊಂಡೆ, ಅದು ನಮ್ಗೆ ಹೊಳೆದಿರಲಿಲ್ಲ.

ಲೈನ್_ನಂ_9:

ಇಲ್ಲಿ ಓದ್ತಾ ಇರ್ತೀನಿ, ಬರೆಯೋದು ಕಮ್ಮಿ. ಕಾಫಿಪುಡಿಯವರು 'ಬರ್ಲಿಂಗ್ ಎಲ್ಲಿ ಸಹಿ ಹಾಕಿದ್ದ' ಅಂತ ಕೇಳಿದ್ರಲ್ಲ, ಅದನ್ನ ಓದಿ ಬರೀತಿದೀನಿ.

ನಾನು ಬೆಂಗಳೂರಲ್ಲಿ ಒಂದು ಗಾರ್ಮೆಂಟ್ಸ್‌ನಲ್ಲಿ ಎಚ್‌ಆರ್ ಆಗಿದ್ದೆ, ಹೆಸರು ಬೇಡ. 2016ರ ಏಪ್ರಿಲ್ ನೆನಪಿರಬಹುದು ನಿಮಗೆ, ಪಿಎಫ್‌ನಲ್ಲಿ ಮಾಲೀಕರ ಪಾಲು 58 ವರ್ಷ ಆಗೋ ತನಕ ತೆಗೆಯೋ ಹಂಗಿಲ್ಲ ಅಂತ ರೂಲ್ ತಂದಿದ್ರು, ಗಾರ್ಮೆಂಟ್ಸ್ ಹೆಣ್ಮಕ್ಕಳು ಸಾವಿರಾರು ಜನ ರೋಡಿಗಿಳಿದ್ರು, ಹೊಸೂರು ರೋಡು, ಪೀಣ್ಯ ಎಲ್ಲಾ ಜಾಮ್. 18, 19 ಎರಡು ದಿನ, 19ಕ್ಕೇ ಸೆಂಟ್ರಲ್ ಗವರ್ಮೆಂಟ್ ರೂಲ್ ವಾಪಸ್ ತಗೊಳ್ತು. ಗೆದ್ರು. ಟೀವಿಯವರು ಹೋದ್ಮೇಲೆ ಆಗಿದ್ದು ಯಾವ ಪೇಪರಲ್ಲೂ ಬಂದಿಲ್ಲ. ಮೇಲಿಂದ ಹೇಳಿದ್ರು, ನಮ್ಮ ಗೇಟಲ್ಲಿ ಮುಂದೆ ನಿಂತು ಕೂಗಿದವರ ಹೆಸರು ಕೊಡಪ್ಪಾ ಅಂತ. ಸಿಸಿಟಿವಿ ನೋಡಿ ಆರು ಹೆಸರು ಬರೆದ್ಕೊಟ್ಟೆ. ಇಲ್ಲಿ ಓದಿದ ಮೇಲೆ ಹುಡುಕಿ ನೋಡಿದೆ, ನಾಟಕದಲ್ಲಿ ಬರ್ಲಿಂಗ್ ತೆಗೆದಿದ್ದು ನಾಲ್ಕೈದು ಜನ ಲೀಡರ್‌ಗಳನ್ನ. ನಂದು ಆರು.

ಅದ್ರಲ್ಲಿ ಒಬ್ಳು ಕೊಪ್ಪಳ ಕಡೆ ಹುಡುಗಿ, ಇಪ್ಪತ್ತೆರಡು ಇರಬಹುದು, ಕಾಲರ್ ಅಟ್ಯಾಚ್ ಮಾಡ್ತಿದ್ಲು, ಒಳ್ಳೇ ಟೈಲರ್. ಯಾರೂ ಅವಳನ್ನ ಕೆಲಸದಿಂದ ತೆಗೀಲಿಲ್ಲ. ಬೇರೆ ಲೈನಿಗೆ ಹಾಕಿದ್ರು, ಗೊತ್ತಿಲ್ಲದ ಆಪರೇಷನ್ ಕೊಟ್ಟು ಟಾರ್ಗೆಟ್ ಅದೇ ಇಟ್ರು, ಪೀಸ್ ಕಮ್ಮಿ ಆದ್ರೆ ಸೂಪರ್‌ವೈಸರ್ ಎಲ್ರ ಮುಂದೆ ಬಂಡಲ್ ಎಸೀತಿದ್ದ. ಮೂರು ವಾರಕ್ಕೆ ಅವಳೇ ಬಂದು ಬಿಡ್ತೀನಿ ಸಾರ್ ಅಂದ್ಲು. ರಾಜೀನಾಮೆ ನಾನೇ ಹೇಳಿ ಬರೆಸಿದೆ, 'ವೈಯಕ್ತಿಕ ಕಾರಣದಿಂದ ಸ್ವಇಚ್ಛೆಯಿಂದ' ಅಂತ. ವೈಯಕ್ತಿಕ ಹೆಂಗೆ ಬರಿಯೋದು ಸಾರ್ ಅಂದ್ಲು. ಗೇಟ್ ಪಾಸ್ ಸ್ಲಿಪ್ಪಿನ ಹಿಂದೆ ಬರೆದು ತೋರ್ಸಿದೆ, ಅವಳು ನೋಡ್ಕೊಂಡು ಕಾಪಿ ಮಾಡಿದ್ಲು, ಯ ಒತ್ತು ಕೊಟ್ಟು ಹೊಡೆದು ಮತ್ತೆ ಬರೆದ್ಲು. ಕೆಳಗೆ ನನ್ನ ಸಹಿ.

ಎಕ್ಸ್‌ಪೀರಿಯನ್ಸ್ ಲೆಟರ್ ಕೇಳಿದ್ಲು, ಮುಂದಿನ ವಾರ ಬಾ ಅಂದೆ. ಬಂದ್ಲಂತೆ, ಎರಡು ಸಲ, ಸೆಕ್ಯುರಿಟಿಯವನು ಸಾರ್ ಮೀಟಿಂಗಲ್ಲಿದಾರೆ ಅಂತ ಕಳಿಸಿದಾನೆ. ನಾನೇ ಹೇಳಿದ್ದೆ ಹಂಗನ್ನು ಅಂತ, ಮೇಲಿನವರು ಕೊಡಬೇಡ ಅಂದಿದ್ರು. ಆಮೇಲೆ ಏನಾದ್ಲೋ ಗೊತ್ತಿಲ್ಲ. ಕೆಲಸ ಬಿಟ್ಟ ಮೇಲೆ ಒಂದಿನ ಆ ನಂಬರಿಗೆ ಫೋನ್ ಮಾಡಿದೆ, ಯಾರೋ ಗಂಡಸು ಎತ್ತಿ ರಾಂಗ್ ನಂಬರ್ ಅಂದ. ಚೆನ್ನಾಗೇ ಇರಬಹುದು, ಊರಲ್ಲಿ ಮದ್ವೆ ಆಗಿ ಮಕ್ಕಳು ಮರಿ ಇರಬಹುದು. ಹಂಗಂದ್ಕೊಂಡೇ ಇದೀನಿ. ಜೆರಾಲ್ಡ್ ಆಸ್ಪತ್ರೆಗೆ ಫೋನ್ ಮಾಡಿ ಯಾರೂ ಸತ್ತಿಲ್ಲ ಅಂತ ಕೇಳಿಸ್ಕೊಂಡ ಅಂತ ಬರೆದಿದ್ರಲ್ಲ ಮೇಲೆ, ನಂಗೆ ಆ ಉತ್ತರಾನೂ ಸಿಕ್ಕಿಲ್ಲ.

ಗಿರ್ಮಿಟ್_ಮಿರ್ಚಿ:

ಅಣ್ಣಾರ, ಉಳದ ಐದು ಹೆಸರು ನೆನಪದಾವೇನು?

ಲೈನ್_ನಂ_9:

ಮೂರು ನೆನಪಿದೆ.

ಕಾಫಿಪುಡಿ_ಕಳ್ಸಿ:

ಎರಡು ದಿನ ಏನು ಬರೀಬೇಕು ಗೊತ್ತಾಗ್ಲಿಲ್ಲ. ಲೈನ್ ನಂ 9 ಅವರೇ, ನಿಮ್ಮದು ಓದಿ ನಾನು ನಮ್ಮ ಟೀಮಲ್ಲಿ ಎರಡು ಸಲ ಲೇಆಫ್ ಲಿಸ್ಟ್‌ಗೆ ಹೆಸರು ಕೊಟ್ಟಿದ್ದು ನೆನಪಾಯ್ತು, ಅದನ್ನ ಇಲ್ಲಿ ಬರೆಯೋ ಧೈರ್ಯ ಇಲ್ಲ. ಬರ್ಲಿಂಗ್ ಮೇಲೆ ನನ್ನ ವಾದ ಪೂರ್ತಿ ಬಿಟ್ಟಿಲ್ಲ, ಲೆಕ್ಕ ಹಾಕೋದೇ ತಪ್ಪು ಅಂತ ನಾನು ಒಪ್ಪಲ್ಲ, ಆದ್ರೆ 'ಸ್ವಲ್ಪ ಗಟ್ಟಿ ಇದ್ದಿದ್ರೆ' ಅಂದಿದ್ದು ವಾಪಸ್ ತಗೊಳ್ತೀನಿ ಮೇಡಂ.

ನಿನ್ನೆ ಮಗಳನ್ನ ಕೂರಿಸ್ಕೊಂಡು ಇದೆಲ್ಲಾ ಓದಿ ಹೇಳಿದೆ, ಅವಳಿಗೆ ಕನ್ನಡ ಓದಕ್ಕೆ ಬರಲ್ಲ, ಧಾರವಾಡದ ಕನ್ನಡ ಅಂತೂ ನಂಗೇ ಎರಡು ಸಲ ಓದಬೇಕಾಯ್ತು. ಜಾಮೀನಿನ ಕತೆ ಇಷ್ಟ ಆಯ್ತು, ಬರ್ಕೊಂಡ್ಲು. ಗಾರ್ಮೆಂಟ್ಸ್‌ದು ಕೇಳಿ ಸುಮ್ಮನಾದ್ಲು. ಆಮೇಲೆ ಕೇಳಿದ್ಲು, 'ಎಡ್ನಾ ಬಗ್ಗೆ ಯಾರೂ ಯಾಕೆ ಬರೆದಿಲ್ಲ?'

ಯಾರು ಎಡ್ನಾ ಅಂದೆ. ಆ ಮನೆ ಕೆಲಸದವಳಂತೆ. ಶುರುವಲ್ಲೇ ಟೇಬಲ್ ಹತ್ರ ಇರ್ತಾಳೆ, ಇನ್‌ಸ್ಪೆಕ್ಟರ್‌ಗೆ ಬಾಗಿಲು ತೆಗೆಯೋದೂ ಅವಳೇ, ಆಮೇಲೆ ಅಷ್ಟೆಲ್ಲಾ ರಂಪ ಆಗೋವಾಗ ಟೀ ಮಾಡ್ಬೇಕು ಮಲಗಬೇಡ ಅಂತ ಅವಳನ್ನ ಎಬ್ಬಿಸಿಟ್ಟಿರ್ತಾರಂತೆ. ನಾನು ಪುಸ್ತಕ ಎರಡು ಸಲ ಓದಿದೀನಿ, ಪಾತ್ರಗಳ ಪಟ್ಟೀಲಿ ಹೆಸರಿದೆ, ಈಗ ನೋಡಿದೆ.

ಪರದೆ ಸರ್, ನಿಮ್ಮ ತಂಡದಲ್ಲಿ ಎಡ್ನಾ ಪಾರ್ಟು ಯಾರು ಮಾಡಿದ್ರು?

ಪರದೆ_ಹಿಂದಿನವ:

ಸರ್... ಅವಳ ಪಾರ್ಟು ಕಟ್ ಮಾಡಿದ್ವಿ. ಹುಡುಗೀರು ಸಾಕಾಗ್ಲಿಲ್ಲ.